ಆಫೀಸಿಗೂ ಆಗಬೇಕು, ದೂರಕ್ಕೂ ಹೋಗಬೇಕು: ಒಂದೇ ಸೈಕಲ್ ಆರಿಸುವವರಿಗೆ

ವಾರದಲ್ಲಿ ಐದು ದಿನ ಕೆಲಸಕ್ಕೆ ಸೈಕಲ್ ಮೇಲೇ ಹೋಗಬೇಕು. ವರ್ಷಕ್ಕೆ ಒಂದೆರಡು ಸಲ ಚೀಲ ಕಟ್ಟಿಕೊಂಡು ನಾಲ್ಕೈದು ದಿನ ದೂರ ಹೊರಡಬೇಕು. ಎರಡಕ್ಕೂ ಒದಗುವ ಸೈಕಲ್ ಯಾವುದು? ಹೀಗೆ ಕೇಳುವವರ ಹತ್ತಿರ ಆಗಲೇ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ಹೈಬ್ರಿಡ್ (ರೋಡ್ ಬೈಕಿಗೂ ಎಂಟಿಬಿಗೂ ನಡುವಿನದು), ರೋಡ್ ಬೈಕ್ (ಡಾಂಬರಿನ ಮೇಲೆ ವೇಗಕ್ಕೆ), ಗ್ರಾವೆಲ್ (ಜಲ್ಲಿಹಾದಿಗೂ ಒಗ್ಗುವ ದಪ್ಪ ಟಯರಿನದು), ಟೂರಿಂಗ್ (ಹೊರೆ ಹೊತ್ತು ದೂರ ಹೋಗಲು), ಎಂಟಿಬಿ (ಗುಡ್ಡಗಾಡಿನ ಮೌಂಟನ್ ಬೈಕ್), ಮಡಚುವ ಸೈಕಲ್, ಇ-ಸೈಕಲ್ (ಬ್ಯಾಟರಿ, ಮೋಟಾರಿನದು). ತಿಂಗಳುಗಟ್ಟಲೆ ವಿಡಿಯೋ ನೋಡಿದ ಮೇಲೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ.

ಹಾಗೆ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಹೆಸರುಗಳನ್ನು ಸ್ವಲ್ಪ ಹೊತ್ತು ಮರೆಯಿರಿ. ಸೈಕಲಿನಲ್ಲಿ ಆಮೇಲೆ ಬದಲಾಯಿಸಬಹುದಾದದ್ದು ಯಾವುದು, ಬದಲಾಯಿಸಲಾಗದ್ದು ಯಾವುದು ಎಂದು ಮೊದಲು ಬೇರೆ ಮಾಡಿ. ಸೀಟು ಒಗ್ಗದಿದ್ದರೆ ಬೇರೆ ಹಾಕಿಸಬಹುದು. ಟಯರ್, ಪೆಡಲ್, ಹ್ಯಾಂಡಲ್ ಹಿಡಿಕೆ, ಹಿಂದಿನ ಹಲ್ಲುಚಕ್ರಗಳು, ಲೈಟು, ಇವೆಲ್ಲ ಬದಲಾಗುವ ಸಾಮಾನು. ಆದರೆ ಫ್ರೇಮಿನ ಅಳತೆ, ಫ್ರೇಮು ಮತ್ತು ಫೋರ್ಕಿನ (ಮುಂಚಕ್ರ ಹಿಡಿಯುವ ಕವಲಿನ) ಸಂದಿಯಲ್ಲಿ ಹಿಡಿಸುವ ಟಯರ್ ದಪ್ಪ, ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಬಿಗಿಯಲು ಬೇಕಾದ ತೂತುಗಳು, ಪೆಡಲಿಗೂ ಹಿಂಚಕ್ರಕ್ಕೂ ನಡುವಿನ ಅಂತರ, ಇವು ಕಾರ್ಖಾನೆಯಲ್ಲೇ ತೀರ್ಮಾನವಾಗಿ ಬಂದಿರುತ್ತವೆ. ಕೊಳ್ಳುವವರು ಮಾಡುವುದು ಇದಕ್ಕೆ ಉಲ್ಟಾ: ಸೀಟು ಮೆತ್ತಗಿದೆಯೇ ಎಂದು ಒತ್ತಿ ನೋಡುತ್ತಾರೆ, ಗೇರು ಎಷ್ಟು ಎಂದು ಎಣಿಸುತ್ತಾರೆ, ಒಂದು ಕೈಯಲ್ಲಿ ಎತ್ತಿ ಹಗುರ ಎಂದು ಖುಷಿಪಡುತ್ತಾರೆ.

ಅಳೆಯಬೇಕಾದದ್ದು ಏನು

ಮೊದಲನೆಯದು ದಾರಿ. ನಿಮ್ಮ ದೂರದ ಪ್ರಯಾಣ ಡಾಂಬರಿನ ಮೇಲೋ, ಜಲ್ಲಿಪುಡಿ ಹಾಸಿದ ಹಾದಿಯ ಮೇಲೋ, ಮಣ್ಣಿನ ಮೇಲೋ? ಅಮೆರಿಕದಲ್ಲಿ ಹಳೆಯ ರೈಲುಮಾರ್ಗವನ್ನೇ ಸೈಕಲ್ ಹಾದಿಯಾಗಿಸಿದ ಗ್ರೇಟ್ ಅಲಿಗೇನಿ ಪ್ಯಾಸೇಜ್ ಇದೆ. 240 ಕಿ.ಮೀ. ಉದ್ದ, ಸುಣ್ಣಕಲ್ಲಿನ ಪುಡಿ ಒತ್ತಿ ಗಟ್ಟಿ ಮಾಡಿದ ನೆಲ. ರೈಲು ಹತ್ತಿದ ದಾರಿಯಾದ್ದರಿಂದ ಏರು ಇದೆಯೋ ಇಲ್ಲವೋ ಅನ್ನುವಷ್ಟು. 32 ಮಿ.ಮೀ. ಟಯರಿನಲ್ಲೂ ಹಾಯಾಗಿ ಹೋಗಬಹುದು. ಅದು ಮುಗಿಯುವಲ್ಲಿ ಹಳೆಯ ಕಾಲುವೆಯ ದಂಡೆಯ ಮೇಲಿನ ಸಿ ಅಂಡ್ ಓ ಹಾದಿ ಸೇರಿಕೊಳ್ಳುತ್ತದೆ. ಅದು ಸುಮಾರು 297 ಕಿ.ಮೀ. ಮಳೆ ಬಿದ್ದರೆ ಹಲವೆಡೆ ಕೆಸರು, ಅಲ್ಲಲ್ಲಿ ಬೇರು, ಗುಂಡಿ. ಅಲ್ಲಿ ಅದೇ 32ರ ಟಯರ್ ಮೇಲೆ ಕೂತವರು ಸಂಜೆಗೆ ಸೊಂಟ ಹಿಡಿದುಕೊಂಡು ಇಳಿಯುತ್ತಾರೆ. ಒಂದೇ ಪ್ರವಾಸ, ಒಂದರ ಬೆನ್ನಿಗೊಂದು ಹಾದಿ, ಬೇಕಾಗುವ ಟಯರ್ ಮಾತ್ರ ಬೇರೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಮಡ್‌ಗಾರ್ಡ್ ಸಹಿತ ಎಷ್ಟು ದಪ್ಪದ ಟಯರ್ ಹಿಡಿಸುತ್ತದೆ? ಮಡ್‌ಗಾರ್ಡ್ ಇಲ್ಲದೆ 40 ಹಿಡಿಸುವ ಫ್ರೇಮಿನಲ್ಲಿ ಮಡ್‌ಗಾರ್ಡ್ ಬಿಗಿದ ಮೇಲೆ 35ರ ಆಸುಪಾಸೇ ಉಳಿಯುವುದು ಸಾಮಾನ್ಯ.

ಎರಡನೆಯದು ಹೊರೆ. ಆಫೀಸಿಗೆ ಲ್ಯಾಪ್‌ಟಾಪು, ಬಟ್ಟೆ, ಊಟದ ಡಬ್ಬಿ ಸೇರಿ 5 ಕೆ.ಜಿ. ಕೊಠಡಿ ಹಿಡಿದು ಉಳಿಯುವ ಪ್ರವಾಸಕ್ಕೆ 7–8. ಟೆಂಟು, ಒಲೆ, ಹಾಸಿಗೆ ಹೊತ್ತರೆ 15–20. ಬೆನ್ನಿಗೆ ಚೀಲ ಹಾಕಿಕೊಂಡೇ ಹೋಗುತ್ತೇನೆ ಅನ್ನುವವರು ಅರ್ಧ ಗಂಟೆಯ ದಾರಿಗೆ ಹಾಗೆ ಹೋಗಬಹುದು. ಆರು ಗಂಟೆಯ ದಾರಿಗೆ ಬೆನ್ನಿನ ಭಾರ ನೇರ ಸೀಟಿನ ಮೇಲೆ, ಅಂಗೈ ಮೇಲೆ ಬೀಳುತ್ತದೆ. ಹೊರೆ ಸೈಕಲಿನದು.

ಇಲ್ಲಿ ಒಂದು ಸ್ವಂತ ಕಥೆ. ನನ್ನ ಮೊದಲ ದೂರದ ಪ್ರಯಾಣ ರೋಡ್ ಬೈಕಿನಲ್ಲಿ. ಕ್ಯಾರಿಯರ್ ಹೇಗೋ ಬಿಗಿದೆ, ಎರಡೂ ಬದಿಗೆ ಚೀಲ ನೇತುಹಾಕಿದೆ, ಹೊರಟೆ. ಮೊದಲ ಸುತ್ತಿಗೇ ಹಿಮ್ಮಡಿ ಚೀಲಕ್ಕೆ ತಾಗಿತು. ಎರಡು ದಿನ ಕಾಲ ತುದಿಯಲ್ಲೇ ತುಳಿದು ಮೀನಖಂಡ ಸೆಟೆದುಕೊಂಡ ಮೇಲೆ ಕಾರಣ ಹುಡುಕಿದೆ. ರೋಡ್ ಬೈಕುಗಳಲ್ಲಿ ಪೆಡಲಿನ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ ಸುಮಾರು 410 ಮಿ.ಮೀ. ಇರುತ್ತದೆ, ಟೂರಿಂಗ್ ಸೈಕಲಿನಲ್ಲಿ 450–460. ಆ ನಾಲ್ಕೈದು ಸೆಂಟಿಮೀಟರನ್ನು ಎಷ್ಟು ದುಡ್ಡು ಕೊಟ್ಟರೂ ಆಮೇಲೆ ಸೇರಿಸಲು ಬರುವುದಿಲ್ಲ.

ಮೂರನೆಯದು ಏರು, ಅಂದರೆ ಅತಿ ಸಣ್ಣ ಗೇರು. ಸಂಖ್ಯೆ 21, 24, 27 ಎಂದು ಎಣಿಸುವುದು ವ್ಯರ್ಥ. ಮುಂದಿನ ಅತಿ ಸಣ್ಣ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ ಎಷ್ಟು ಹಲ್ಲು, ಭಾಗಿಸಿ ನೋಡಿ. ರೋಡ್ ಬೈಕಿನಲ್ಲಿ 34ಕ್ಕೆ 34 ಇದ್ದರೆ ಭಾಗಲಬ್ಧ 1: ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದು ಸುತ್ತು, ಸುಮಾರು 2.15 ಮೀಟರ್ ಮುಂದಕ್ಕೆ. ಟೂರಿಂಗ್ ಸೈಕಲಿನಲ್ಲಿ 26ಕ್ಕೆ 36 ಇದ್ದರೆ 0.72, ಸುತ್ತಿಗೆ ಒಂದೂವರೆ ಮೀಟರ್. ನಿಮ್ಮ ತೂಕ, ಸೈಕಲು, ಹೊರೆ ಎಲ್ಲ ಸೇರಿ 95 ಕೆ.ಜಿ. ಎನ್ನಿ, ಶೇ 6ರ ಏರು, ನಿಮಿಷಕ್ಕೆ 60 ಸುತ್ತು. ರೋಡ್ ಬೈಕಿನ ಆ ಗೇರಿನಲ್ಲಿ ಕಾಲಿನಿಂದ ಹೊರಡಬೇಕಾದ ಶಕ್ತಿ ಹತ್ತಿರ ಹತ್ತಿರ 135 ವ್ಯಾಟ್, ಟೂರಿಂಗ್ ಸೈಕಲಿನದರಲ್ಲಿ 100 ವ್ಯಾಟ್. ತರಬೇತಿಯಿಲ್ಲದ ಆರೋಗ್ಯವಂತರು 100ನ್ನು ಗಂಟೆಗಟ್ಟಲೆ ಎಳೆಯಬಹುದು. 135ಕ್ಕೆ ಬಹಳ ಜನ ಅರ್ಧದಾರಿಯಲ್ಲೇ ಇಳಿದು ತಳ್ಳುತ್ತಾರೆ. ಹೊರೆ ಹೊರುವುದಿದ್ದರೆ ಭಾಗಲಬ್ಧ 0.85ಕ್ಕಿಂತ ಕೆಳಗಿರಲಿ ಎನ್ನುವುದು ನನ್ನ ಲೆಕ್ಕ. ಅದೇ ಏರಿನಲ್ಲಿ ಸೈಕಲ್ 2 ಕೆ.ಜಿ. ಹಗುರವಾಗಿದ್ದರೆ ಏನು ಲಾಭ? ಒಟ್ಟು ತೂಕದ ಶೇ 2. ಒಂದು ಗಂಟೆಯ ಏರಿಗೆ ಒಂದು ನಿಮಿಷ ಚಿಲ್ಲರೆ. ಒಂದು ಕೈಯಲ್ಲಿ ಎತ್ತಿ ನೋಡುವವರು ಇದನ್ನು ನೆನಪಿಡಲಿ.

ನಾಲ್ಕನೆಯದು ವೇಗ, ಅದಕ್ಕೆ ಎಷ್ಟು ಬೆಲೆ ಕೊಡಬೇಕು ಎನ್ನುವುದು. 8 ಕಿ.ಮೀ. ದೂರದ ಆಫೀಸಿಗೆ ಗಂಟೆಗೆ 18 ಕಿ.ಮೀ. ವೇಗದಲ್ಲಿ 27 ನಿಮಿಷ, 22ರಲ್ಲಿ 22 ನಿಮಿಷ. ಐದು ನಿಮಿಷದ ಉಳಿತಾಯ, ಅದರಲ್ಲಿ ಅರ್ಧವನ್ನು ಸಿಗ್ನಲ್ ನುಂಗುತ್ತದೆ. ಅದೇ ವ್ಯತ್ಯಾಸ 120 ಕಿ.ಮೀ. ದಿನದಲ್ಲಿ ಒಂದು ಗಂಟೆಗೂ ಮೇಲೆ. ವೇಗದ ಸೈಕಲ್ ನಿಜವಾಗಿ ಉಪಯೋಗಕ್ಕೆ ಬರುವುದು ದೂರದ ದಿನಗಳಲ್ಲಿ. ನಿಮ್ಮ ವರ್ಷದಲ್ಲಿ ಅಂಥ ದಿನ ಎಷ್ಟು, ಪ್ರಾಮಾಣಿಕವಾಗಿ ಎಣಿಸಿ.

ಉಳಿದ ಎರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಕೈ, ಬೆನ್ನು, ಕತ್ತು: ಎಷ್ಟು ಬಾಗಿ ಎಷ್ಟು ಹೊತ್ತು ಕೂರಬಲ್ಲಿರಿ. ಮತ್ತು ಸೈಕಲ್ ರಾತ್ರಿ ಎಲ್ಲಿ ಮಲಗುತ್ತದೆ: ಮೂರನೇ ಮಹಡಿಯ ಮೆಟ್ಟಿಲು ಇದ್ದರೆ ಅಲ್ಲಿಗೆ ಕೆಲವು ಆಯ್ಕೆಗಳ ಕಥೆ ಮುಗಿಯಿತು.

ಹೈಬ್ರಿಡ್

ಇದನ್ನು ಎರಡು ದೋಣಿಯ ಮೇಲೆ ಕಾಲಿಟ್ಟ ಸೈಕಲ್ ಎಂದು ಜರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೇರ ಹ್ಯಾಂಡಲ್, 32ರಿಂದ 42 ಮಿ.ಮೀ. ಟಯರ್, ಕ್ಯಾರಿಯರಿಗೆ ತೂತು, ಸಾಕಷ್ಟು ಸಣ್ಣ ಗೇರು, ಇಷ್ಟೂ ಕಡಿಮೆ ಬೆಲೆಗೆ ಸಿಗುವುದು ಇದರಲ್ಲೇ. ಮುಂದೆ 28, ಹಿಂದೆ 34 ಹಲ್ಲಿನ ಹೈಬ್ರಿಡ್ ಸಿಕ್ಕರೆ ಭಾಗಲಬ್ಧ 0.82, ದುಬಾರಿ ಗ್ರಾವೆಲ್‌ಗಿಂತ ಚೆನ್ನಾಗಿ ಏರು ಹತ್ತುತ್ತದೆ. ಟ್ರಾಫಿಕ್ಕಿನಲ್ಲಿ ತಲೆಯೆತ್ತಿ ನೋಡುತ್ತ ಹೋಗಲು ಇದರ ಕೂರುವ ಭಂಗಿಯೇ ಸರಿ.

ಸೋಲುವುದು ನಾಲ್ಕನೇ ಗಂಟೆಯ ಮೇಲೆ. ನೇರ ಹ್ಯಾಂಡಲಿನಲ್ಲಿ ಕೈ ಇಡಲು ಒಂದೇ ಜಾಗ. ಅಂಗೈಯ ಹೊರಬದಿಯ ನರ ಒತ್ತಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಎದುರುಗಾಳಿ ಇದ್ದರೆ ಎದೆಯೇ ಹಾಯಿಪಟ. ಮೊದಲನೆಯದಕ್ಕೆ ಮದ್ದಿದೆ: ಅಗಲ ರೆಕ್ಕೆಯ ಹಿಡಿಕೆ, ಹ್ಯಾಂಡಲಿನ ತುದಿಗೆ ಬಿಗಿಯುವ ಸಣ್ಣ ಕೊಂಬುಗಳು. ಎರಡನೆಯದಕ್ಕೆ ಇಲ್ಲ.

ಮುಂದಿನ ಫೋರ್ಕಿನಲ್ಲಿ ಅಗ್ಗದ ಸಸ್ಪೆನ್ಷನ್ ಇರುವ ಹೈಬ್ರಿಡ್ ಮಾತ್ರ ಬೇಡ. ಎರಡು ಕೆ.ಜಿ. ಆಸುಪಾಸಿನ ಸ್ಪ್ರಿಂಗನ್ನು ಹೊತ್ತು ತಿರುಗುತ್ತೀರಿ, ಮುಂದೆ ಕ್ಯಾರಿಯರ್ ಕೂರಿಸಲು ಜಾಗ ಕಳೆದುಕೊಳ್ಳುತ್ತೀರಿ, ಎರಡು ಮಳೆಗಾಲದ ಮೇಲೆ ಅದು ತುಕ್ಕು ಹಿಡಿದು ಅಲುಗುವುದನ್ನೇ ನಿಲ್ಲಿಸುತ್ತದೆ. 40ರ ಟಯರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಮಾಡಿದರೆ ಸಿಗುವ ಮೆತ್ತನೆ ಆ ಫೋರ್ಕಿನಿಂದ ಸಿಗುವುದಿಲ್ಲ.

ರೋಡ್ ಬೈಕ್

ಬಾಗಿದ ಹ್ಯಾಂಡಲಿನಲ್ಲಿ ಕೈ ಇಡಲು ಮೂರು ಕಡೆ ಜಾಗ, ಗಾಳಿಗೆ ಕಡಿಮೆ ಅಡ್ಡಿ. ಸಮತಟ್ಟಾದ ಡಾಂಬರಿನ ಮೇಲೆ ಗಂಟೆಗೆ 20 ಕಿ.ಮೀ. ದಾಟಿದ ಮೇಲೆ ನಿಮ್ಮ ಬಲದ ದೊಡ್ಡ ಪಾಲು ಹೋಗುವುದು ಗಾಳಿ ಸೀಳಲಿಕ್ಕೆ, ಹಾಗಾಗಿ ಭಂಗಿಯೇ ವೇಗ. ಬ್ರೆವೆ ಸವಾರಿಗಳ ಆಸೆ ಇದ್ದರೆ, ಅಂದರೆ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ, 600ನ್ನು 40 ಗಂಟೆಯೊಳಗೆ ಮುಗಿಸುವ ಆಟ, ಇದೇ ನಿಮ್ಮ ಸೈಕಲ್. ಅಲ್ಲಿ ಹೊರೆ ಇರುವುದಿಲ್ಲ, ಹಿಮ್ಮಡಿಯ ತಾಪತ್ರಯವೂ ಇಲ್ಲ.

ಆದರೆ ದಿನಾ ಆಫೀಸಿಗೆ? ರೇಸಿನ ಮಾದರಿಗಳನ್ನು ಬಿಟ್ಟುಬಿಡಿ. ಎಂಡ್ಯೂರೆನ್ಸ್ ಎಂಬ ಹೆಸರಿನಲ್ಲಿ ಬರುವ, 32 ಮಿ.ಮೀ. ಟಯರ್ ಹಿಡಿಸುವ, ಮಡ್‌ಗಾರ್ಡಿಗೆ ತೂತಿರುವ ಮಾದರಿಯಾದರೆ ಸರಿ. 25ರ ಟಯರಿನ ಸೈಕಲಿನಲ್ಲಿ ರಸ್ತೆಯ ಪ್ರತಿ ಗುಂಡಿಯನ್ನೂ ಹೆಸರು ಹಿಡಿದು ಕರೆಯುವಷ್ಟು ಪರಿಚಯ ಬೆಳೆಯುತ್ತದೆ.

ಗ್ರಾವೆಲ್

ಈಗ ಎಲ್ಲರ ಬಾಯಲ್ಲೂ ಇದೇ. ಡಿಸ್ಕ್ ಬ್ರೇಕು, 38ರಿಂದ 50 ಮಿ.ಮೀ. ಟಯರ್, ಬಾಗಿದ ಹ್ಯಾಂಡಲ್, ಫ್ರೇಮಿನ ತುಂಬ ಸ್ಕ್ರೂ ತೂತುಗಳು. ಕಾಗದದ ಮೇಲೆ ನಮ್ಮ ಪ್ರಶ್ನೆಗೆ ನೇರ ಉತ್ತರ. ಬಹುಮಟ್ಟಿಗೆ ನಿಜ ಕೂಡ. ಎರಡು ಜೊತೆ ಟಯರ್ ಇಟ್ಟುಕೊಂಡರೆ, ಡಾಂಬರಿಗೆ 32ರ ನುಣುಪು, ಹಾದಿಗೆ 45ರ ಗೆರೆ ಹೊಡೆದದ್ದು, ಎರಡು ಸೈಕಲಿನ ಕೆಲಸ ಮಾಡುತ್ತದೆ.

ಎರಡು ಕಡೆ ಎಚ್ಚರ. ಒಂದು ಗೇರು: ಮುಂದೆ ಒಂದೇ ಹಲ್ಲುಚಕ್ರ ಇರುವ ಮಾದರಿಗಳಲ್ಲಿ 40ಕ್ಕೆ 42 ಎಂದರೆ 0.95. ಬರಿಗೈಯಲ್ಲಿ ಸಾಕು, 15 ಕೆ.ಜಿ. ಹೊತ್ತು ಸಾಲದು. ಮುಂದೆ 46 ಮತ್ತು 30 ಹಲ್ಲಿನ ಎರಡು ಚಕ್ರ, ಹಿಂದೆ 34 ಇರುವುದು 0.88; ಅದು ವಾಸಿ. ಇನ್ನೊಂದು ಹೊರೆ: ಫೋರ್ಕಿನ ಎರಡೂ ಬದಿಗೆ ಮೂರು ಮೂರು ತೂತು ಕಂಡ ಮಾತ್ರಕ್ಕೆ ಅದು ಹೊರೆ ಹೊರುವ ಸೈಕಲ್ ಆಗಲಿಲ್ಲ. ಕಾರ್ಬನ್ ಫೋರ್ಕುಗಳಿಗೆ ಬದಿಗೆ 3 ಕೆ.ಜಿ. ಆಸುಪಾಸಿನ ಮಿತಿ ಇರುತ್ತದೆ. ಹಿಂದೆ ಗಟ್ಟಿ ಕ್ಯಾರಿಯರಿಗೆ ತೂತೇ ಇಲ್ಲದ ಮಾದರಿಗಳೂ ಇವೆ. ಫ್ರೇಮಿಗೆ, ಸೀಟಿನಡಿಗೆ, ಹ್ಯಾಂಡಲಿಗೆ ಕಟ್ಟುವ ಉದ್ದನೆಯ ಚೀಲಗಳಲ್ಲಿ ಪ್ರವಾಸ ಮಾಡುವವರಿಗೆ ಇದು ಹಬ್ಬ. ಆಫೀಸಿಗೆ ದಿನಾ ಒಂದು ಚೀಲ ಸಿಕ್ಕಿಸಿ ತೆಗೆಯುವವರಿಗೆ ಆ ಚೀಲಗಳು ತಲೆನೋವು. ಪಟ್ಟಿ ಬಿಚ್ಚು, ಪಟ್ಟಿ ಕಟ್ಟು.

ಟೂರಿಂಗ್

ನನ್ನ ಪಕ್ಷಪಾತ ಇಲ್ಲಿ, ಮುಚ್ಚಿಡುವುದಿಲ್ಲ. ಉಕ್ಕಿನ ಫ್ರೇಮು, 36 ಕಡ್ಡಿಯ ಚಕ್ರ, ಉದ್ದನೆಯ ಹಿಂಭಾಗ, ಮುಂದೆ ಮೂರು ಹಲ್ಲುಚಕ್ರ, 25 ಕೆ.ಜಿ. ಹೊರುವ ಕ್ಯಾರಿಯರ್. ತೂಕ 13–15 ಕೆ.ಜಿ. ಅಂಗಡಿಯಲ್ಲಿ ಖಾಲಿ ಓಡಿಸಿದರೆ ಎತ್ತಿನಂತೆ ನಿಧಾನ ಅನ್ನಿಸುತ್ತದೆ, ಮಜವಿಲ್ಲ. 15 ಕೆ.ಜಿ. ಹೇರಿ ಇಳಿಜಾರಿನಲ್ಲಿ ಬಿಟ್ಟಾಗ ಗೊತ್ತಾಗುತ್ತದೆ: ಬೇರೆ ಸೈಕಲುಗಳು ಬಾಲ ಅಲ್ಲಾಡಿಸುವ ವೇಗದಲ್ಲಿ ಇದು ಹಳಿಯ ಮೇಲಿನ ಬಂಡಿ. ಯುರೋಪಿನ ಅಟ್ಲಾಂಟಿಕ್ ದಂಡೆಯಿಂದ ಕಪ್ಪು ಸಮುದ್ರದವರೆಗೆ ನದಿಗಳ ಜೊತೆಯಲ್ಲೇ ಸಾಗುವ ಯೂರೋವೆಲೋ 6ರಂಥ 4,000 ಕಿ.ಮೀ. ಮೀರಿದ ಹಾದಿಗೆ ಮನೆ ಹೊತ್ತು ಹೊರಡುವವರಿಗೆ ಬೇರೆ ಮಾತೇ ಇಲ್ಲ.

ಆಫೀಸಿಗೂ ಇದು ಒದಗುತ್ತದೆ ಎನ್ನುವುದನ್ನು ಜನ ಮರೆಯುತ್ತಾರೆ. ಅನೇಕ ಮಾದರಿಗಳಲ್ಲಿ ಮಡ್‌ಗಾರ್ಡ್, ಕ್ಯಾರಿಯರ್ ಬಂದೇ ಇರುತ್ತವೆ, ಕೆಲವದರಲ್ಲಿ ಮುಂಚಕ್ರದ ಅಚ್ಚಿನೊಳಗೇ ಡೈನಮೋ. 3 ವ್ಯಾಟಿನ ಆ ಡೈನಮೋ ಇದ್ದರೆ ಲೈಟ್ ಚಾರ್ಜ್ ಮಾಡಿದೆನೇ ಇಲ್ಲವೇ ಎಂಬ ಚಿಂತೆ ಜೀವಮಾನಕ್ಕೆ ಹೋಯಿತು. ಸೋಲುವುದು ಮೆಟ್ಟಿಲಲ್ಲಿ, ಕಿಕ್ಕಿರಿದ ರೈಲಿನಲ್ಲಿ, ಮತ್ತು ಹೊರೆಯೇ ಇಲ್ಲದ ಭಾನುವಾರದ ಗುಂಪು ಸವಾರಿಯಲ್ಲಿ. ಅಲ್ಲಿ ನೀವು ಕೊನೆಯವರು.

ಎಂಟಿಬಿ, ಮಡಚುವ ಸೈಕಲ್

ಮನೆಯಲ್ಲಿ ಎಂಟಿಬಿ ಆಗಲೇ ಇದ್ದರೆ ಹೊಸದು ಕೊಳ್ಳುವ ಮೊದಲು ಅದಕ್ಕೆ ನುಣುಪು ಟಯರ್ ಹಾಕಿ ನೋಡಿ. ಗಂಟು ಗಂಟಿನ ಟಯರ್ ಡಾಂಬರಿನಲ್ಲಿ ಗುಂಯ್‌ಗುಡುತ್ತ ನಿಮ್ಮ ಬಲ ತಿನ್ನುತ್ತಿರುತ್ತದೆ. ಅದೊಂದು ಬದಲಾದರೆ ಅರ್ಧ ಕೊರತೆ ತೀರುತ್ತದೆ. ಸಸ್ಪೆನ್ಷನ್ ಇಲ್ಲದ ಹಳೆಯ ಉಕ್ಕಿನ ಎಂಟಿಬಿಯಂತೂ ಬಡವರ ಟೂರಿಂಗ್ ಸೈಕಲ್ಲೇ. ಟಯರ್ ಕೊಳ್ಳುವಾಗ ಪಕ್ಕದಲ್ಲಿ ಒತ್ತಿರುವ, ರಿಮ್ಮಿನ ವ್ಯಾಸವನ್ನು ಮಿ.ಮೀ.ನಲ್ಲಿ ಹೇಳುವ ಸಂಖ್ಯೆ ನೋಡಿ: 26 ಇಂಚಿನದಕ್ಕೆ 559, 29 ಇಂಚಿನದಕ್ಕೂ ರೋಡ್ ಬೈಕುಗಳ 700ಸಿ ಎನ್ನುವ ಅಳತೆಗೂ 622. ಇಂಚಿನ ಲೆಕ್ಕ ಮೋಸ ಮಾಡೀತು, ಈ ಸಂಖ್ಯೆ ಮಾಡುವುದಿಲ್ಲ.

ಮಡಚುವುದು ಒಂದೇ ಪ್ರಶ್ನೆಗೆ ಉತ್ತರ: ದಾರಿಯ ನಡುವೆ ರೈಲೋ ಬಸ್ಸೋ ಇದೆಯೇ? ಇದ್ದರೆ ಬೇರೆ ಯಾವುದೂ ಸಾಟಿಯಲ್ಲ, ಮೇಜಿನಡಿ ಮಲಗುತ್ತದೆ, ಕಳ್ಳರ ಭಯವಿಲ್ಲ. ಇಲ್ಲದಿದ್ದರೆ ಸಣ್ಣ ಚಕ್ರದ ಕುಲುಕಾಟವನ್ನು ಸುಮ್ಮನೆ ಯಾಕೆ ಸಹಿಸಬೇಕು. 20 ಇಂಚಿನವುಗಳಲ್ಲಿ ದೂರ ಹೋಗುವವರಿದ್ದಾರೆ. 16 ಇಂಚಿನವು ಜಲ್ಲಿಹಾದಿಗೆ ಬೇಡ.

ಇ-ಸೈಕಲ್

ಆಫೀಸು ದೂರ, ದಾರಿಯಲ್ಲಿ ಏರು, ಬೆವರಿ ಹೋಗುವಂತಿಲ್ಲ ಅನ್ನುವವರಿಗೆ ಇದು ಆಟಿಕೆಯಲ್ಲ, ಕಾರಿಗೆ ಬದಲಿ. ಮೊಣಕಾಲು ನೋವಿದ್ದವರು ಮತ್ತೆ ಸೈಕಲ್ ಹತ್ತಿದ್ದು ಇದರಿಂದಲೇ. ಯುರೋಪಿನ ನಿಯಮದಂತೆ 250 ವ್ಯಾಟ್ ಮೋಟಾರು, ಗಂಟೆಗೆ 25 ಕಿ.ಮೀ. ದಾಟಿದರೆ ಸಹಾಯ ನಿಲ್ಲುತ್ತದೆ. ಅಲ್ಲಿಂದ ಮುಂದೆ 20–25 ಕೆ.ಜಿ. ಸೈಕಲ್ ನಿಮ್ಮ ಕಾಲಿನ ಪಾಲು.

ದೂರದ ಲೆಕ್ಕ ಹೀಗೆ. 500 ವ್ಯಾಟ್‌ಅವರ್ ಬ್ಯಾಟರಿ, ಕಿಲೋಮೀಟರಿಗೆ ಎಂಟರಿಂದ ಹತ್ತು ಖರ್ಚು ಎಂದರೆ 50–60 ಕಿ.ಮೀ. ಏರು, ಎದುರುಗಾಳಿ, ಹೊರೆ ಸೇರಿದರೆ ಇನ್ನೂ ಕಡಿಮೆ. ದಿನದ ಪ್ರಯಾಣ ಅಷ್ಟರೊಳಗಿದ್ದು ರಾತ್ರಿ ಪ್ಲಗ್ ಸಿಗುವುದಾದರೆ ಸರಿ. ಟೆಂಟಿನಲ್ಲಿ ಮಲಗುವವರಿಗೆ ಅಲ್ಲ. ವಿಮಾನದಲ್ಲಿ ಕೊಂಡೊಯ್ಯುವ ಯೋಚನೆಯಿದ್ದರೆ ಈಗಲೇ ಬಿಡಿ, ಪ್ರಯಾಣಿಕರ ಸಾಮಾನಿನಲ್ಲಿ 160 ವ್ಯಾಟ್‌ಅವರ್ ಮೀರಿದ ಬ್ಯಾಟರಿ ಬಿಡುವುದಿಲ್ಲ. ಕೆಲವು ಸೈಕಲ್ ಹಾದಿಗಳಲ್ಲಿ ಮೋಟಾರಿಗೆ ನಿರ್ಬಂಧವೂ ಉಂಟು, ಹೊರಡುವ ಮುಂಚೆ ವಿಚಾರಿಸಿ.

ದುಡ್ಡು ಎಲ್ಲಿ ಹಾಕಬೇಕು

ಬಜೆಟ್ಟಿನ ಐದನೇ ಒಂದು ಪಾಲನ್ನು ಸೈಕಲ್‌ಗೆ ಹಾಕದೆ ಎತ್ತಿಡಿ. ಬೀಗ, ಲೈಟು, ಮಡ್‌ಗಾರ್ಡ್, ಕ್ಯಾರಿಯರ್, ನೀರು ಹೋಗದ ಒಂದು ಜೊತೆ ಚೀಲ, ಪಂಪು. ಇವಕ್ಕೆ ದುಡ್ಡು ಉಳಿಯದೆ ದುಬಾರಿ ಸೈಕಲ್ ಮನೆಯಲ್ಲಿ ಗೋಡೆಗೊರಗಿ ನಿಂತದ್ದನ್ನು ಬಹಳ ನೋಡಿದ್ದೇನೆ. ಕೈ ಬಿಗಿ ಇದ್ದರೆ ಸಸ್ಪೆನ್ಷನ್ ಇಲ್ಲದ ಹೈಬ್ರಿಡ್, ಒಳ್ಳೆಯ ಟಯರ್. ನಡುವಿನ ಬಜೆಟ್ಟಿಗೆ ಹಳೆಯ ಟೂರಿಂಗ್ ಸೈಕಲ್ ಸಿಗುತ್ತದೆಯೇ ಹುಡುಕಿ; ಇವನ್ನು ಕೊಂಡವರಲ್ಲಿ ಅನೇಕರು ಒಂದೇ ಪ್ರವಾಸ ಮಾಡಿ ಮಾರುತ್ತಾರೆ. ಕೊಳ್ಳುವಾಗ ಚೈನಿನ ಸವೆತ ಅಳೆಯುವ ಪಟ್ಟಿ ಹಾಕಿ ನೋಡಿ: ಶೇ 0.75 ದಾಟಿದ್ದರೆ ಹಿಂದಿನ ಹಲ್ಲುಚಕ್ರವೂ ಹೋಗಿರಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೈಯಲ್ಲಿ ಹೆಚ್ಚು ಇದ್ದು ರಿಪೇರಿಯ ರಗಳೆ ಬೇಡ ಎನ್ನುವ, ಹೆಚ್ಚು ಏರಿಲ್ಲದ ದಾರಿಯ ನಿತ್ಯ ಸವಾರರು ಗೇರೆಲ್ಲ ಹಿಂಚಕ್ರದ ಡಬ್ಬಿಯೊಳಗಿರುವ ಮಾದರಿ ನೋಡಬಹುದು. ಎಂಟು ಗೇರಿನ ಡಬ್ಬಿಯಲ್ಲಿ ಅತಿ ದೊಡ್ಡ ಗೇರು ಅತಿ ಸಣ್ಣದರ ಸುಮಾರು ಮೂರು ಪಟ್ಟು. ಮೂರು ಹಲ್ಲುಚಕ್ರದ ಟೂರಿಂಗ್‌ನಲ್ಲಿ ಆರು ಪಟ್ಟು. ಘಾಟಿಯ ಕನಸಿದ್ದರೆ ಮೂರು ಸಾಲದು.

ಹಾಗಾದರೆ ನಿಮಗೆ ಯಾವುದು? ಆಫೀಸು 10 ಕಿ.ಮೀ. ಒಳಗೆ, ಪ್ರವಾಸ ವರ್ಷಕ್ಕೊಮ್ಮೆ, ಕೊಠಡಿ ಹಿಡಿದು ಉಳಿಯುವುದು: ಹೈಬ್ರಿಡ್. ಪ್ರತಿ ತಿಂಗಳೂ ದೂರ ಹೋಗುತ್ತೀರಿ, ಹೊರೆ ಕಡಿಮೆ, ಹಾದಿ ಬಗೆಬಗೆಯದು: ಮುಂದೆ ಎರಡು ಹಲ್ಲುಚಕ್ರ, ಹಿಂದೆ ಕ್ಯಾರಿಯರ್ ತೂತು ಇರುವ ಗ್ರಾವೆಲ್. ಟೆಂಟು ಹೊರುತ್ತೀರಿ: ಟೂರಿಂಗ್, ಎರಡನೇ ಯೋಚನೆ ಬೇಡ. ಗಡಿಯಾರದ ಜೊತೆ ಓಟ: ರೋಡ್ ಬೈಕ್. ಆಫೀಸಿನ ದಾರಿಯೇ ನಿಮ್ಮ ದೂರದ ಪ್ರಯಾಣ: ಇ-ಸೈಕಲ್.

ಅಂಗಡಿಗೆ ಹೋಗುವಾಗ ನಿಮ್ಮ ಆಫೀಸಿನ ಚೀಲ, ದಿನಾ ಹಾಕುವ ಚಪ್ಪಲಿ ಅಥವಾ ಶೂ ಜೊತೆಗಿರಲಿ. ಅರ್ಧ ಗಂಟೆ ಓಡಿಸಿ. ಐದು ನಿಮಿಷದಲ್ಲಿ ಎಲ್ಲ ಸೈಕಲೂ ಚೆನ್ನಾಗಿರುತ್ತವೆ. ನಿಧಾನವಾಗಿ ತಿರುಗುವಾಗ ಕಾಲಿನ ಹೆಬ್ಬೆರಳು ಮುಂಚಕ್ರಕ್ಕೆ ತಾಗುತ್ತದೆಯೇ ನೋಡಿ, ಸಣ್ಣ ಅಳತೆಯ ಫ್ರೇಮುಗಳಲ್ಲಿ ಇದು ಆಗಾಗ ಕಾಣುತ್ತದೆ, ಮಡ್‌ಗಾರ್ಡ್ ಹಾಕಿದ ಮೇಲೆ ಇನ್ನೂ ಹತ್ತಿರವಾಗುತ್ತದೆ. ಆಮೇಲೆ ಕ್ಯಾರಿಯರಿಗೆ ಚೀಲ ಸಿಕ್ಕಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹಿಮ್ಮಡಿಗೂ ಚೀಲಕ್ಕೂ ನಡುವೆ ಎರಡು ಬೆರಳು ತೂರುತ್ತದೆಯೇ ನೋಡಿ. ತೂರದಿದ್ದರೆ ಆ ಸೈಕಲನ್ನು ಅಲ್ಲೇ ಬಿಟ್ಟು ಬನ್ನಿ.